ಶುಲ್ಕ ಕೊಟ್ಟದ್ದು ಕಲಿಯಲಿಕ್ಕೆ, ಮೈಯೊಡ್ಡಲಿಕ್ಕಲ್ಲ

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಜಗಳೂರು ತಾಲ್ಲೂಕಿನ ಹಳ್ಳಿಯವಳು. ಬಿ.ಕಾಂ. ಮುಗಿಸಿ ದಾವಣಗೆರೆಯ ಒಂದು ಖಾಸಗಿ ಸಂಸ್ಥೆಯಲ್ಲಿ ಆರು ತಿಂಗಳ ಬ್ಯೂಟಿಷಿಯನ್ ಕೋರ್ಸಿಗೆ ಸೇರಿದ್ದೇನೆ. ಅಪ್ಪ ಮೆಕ್ಕೆಜೋಳ ಮಾರಿದ ಹಣದಲ್ಲಿ 40,000 ರೂಪಾಯಿ ಕಟ್ಟಿದ್ದಾರೆ. ನಮ್ಮ ಬ್ಯಾಚಿನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕು. ಐಬ್ರೋ, ಮೆನಿಕ್ಯೂರ್, ಫೇಶಿಯಲ್ ಆಗುವವರೆಗೆ ನಾನು ಏನೂ ಅನ್ನಲಿಲ್ಲ. ಈಗ ಕಂಕುಳು, ಕಾಲು, ಬೆನ್ನಿನ ವ್ಯಾಕ್ಸಿಂಗ್ ಮತ್ತು ಹೇರ್ ಕಲರ್ ಆರಂಭವಾಗಿದೆ. ಹತ್ತು ಹುಡುಗಿಯರ ಎದುರು ಬಟ್ಟೆ ಸರಿಸಿ ಮಲಗಲು ನನಗೆ ಮನಸ್ಸಿಲ್ಲ. ಚರ್ಮವೂ ಸೂಕ್ಷ್ಮ; ಮೊಡವೆಗೆಂದು ಡಾಕ್ಟರು ಕೊಟ್ಟಿದ್ದ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಕಳೆದ ತಿಂಗಳಷ್ಟೇ ನಿಲ್ಲಿಸಿದ್ದೇನೆ. ಬೇಡ ಎಂದಾಗ ತರಬೇತುದಾರರು ಎಲ್ಲರೆದುರು, "ನಿನ್ನ ಮೈ ಮುಟ್ಟಿಸಿಕೊಳ್ಳದವಳು ಗಿರಾಕಿ ಮೈ ಹೆಂಗ್ ಮುಟ್ತೀಯ? ಮಾಡೆಲ್ ಆಗದಿದ್ದರೆ ಸರ್ಟಿಫಿಕೇಟ್ ಇಲ್ಲ" ಎಂದರು. ನನ್ನ ಜೋಡಿ ಹುಡುಗಿ ಮಾತು ಬಿಟ್ಟಿದ್ದಾಳೆ. ಅಮ್ಮ, "ಅಷ್ಟು ದುಡ್ಡು ಕಟ್ಟೀವಿ, ಸುಮ್ನೆ ಹೊಂದ್ಕೊಂಡು ಹೋಗು" ಎನ್ನುತ್ತಾರೆ. ನಾನು ಬೇಡ ಎನ್ನುವುದು ತಪ್ಪೇ?
ಹೆಸರು ಬೇಡ, ಜಗಳೂರು ತಾಲ್ಲೂಕು

ಉತ್ತರ: ತಂಗೀ, ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಸಾಗಿರುವ ಮಾತ್ರೆಯ ವಿಷಯದಿಂದಲೇ ನಾನು ಆರಂಭಿಸುತ್ತೇನೆ. ಉಳಿದ ಪ್ರಶ್ನೆಗಳಿಗೆ ಎರಡು ದಿನ ತಡವಾಗಿ ಉತ್ತರ ಸಿಕ್ಕರೂ ನಷ್ಟವಿಲ್ಲ, ಇದಕ್ಕೆ ಮಾತ್ರ ತಡವಾಗಬಾರದು. ಐಸೊಟ್ರೆಟಿನಾಯಿನ್ ಚರ್ಮದ ಎಣ್ಣೆಗ್ರಂಥಿಗಳನ್ನು ಕುಗ್ಗಿಸಿ ಮೊಡವೆಯನ್ನು ಹತೋಟಿಗೆ ತರುತ್ತದೆ. ಅದರ ಜೊತೆಯಲ್ಲೇ ಚರ್ಮವನ್ನು ಒಣಗಿಸಿ, ಮೇಲ್ಪದರ ಸುಲಭವಾಗಿ ಕಿತ್ತುಬರುವಷ್ಟು ನಾಜೂಕಾಗಿಸುತ್ತದೆ. ಅಂಥ ಚರ್ಮದ ಮೇಲೆ ವ್ಯಾಕ್ಸ್ ಹಚ್ಚಿ ಪಟ್ಟಿ ಎಳೆದರೆ ಕೂದಲಿನೊಂದಿಗೆ ಚರ್ಮವೂ ಸುಲಿದು ಬರಬಹುದು, ಆ ಗಾಯ ಮಾಯ್ದ ಮೇಲೂ ಕಲೆ ಉಳಿಯಬಹುದು. ಈ ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೂ, ನಿಲ್ಲಿಸಿದ ಮೇಲೆ ಕನಿಷ್ಠ 6 ತಿಂಗಳೂ ವ್ಯಾಕ್ಸಿಂಗ್ ಮಾಡಿಸಿಕೊಳ್ಳಬಾರದು ಎಂಬುದು ಅದಕ್ಕಾಗಿಯೇ ಇರುವ ಎಚ್ಚರಿಕೆ. ನೀವು ನಿಲ್ಲಿಸಿ ಆಗಿರುವುದು ಒಂದು ತಿಂಗಳು. ಕನ್ನಡಿಯಲ್ಲಿ ನಿಮ್ಮ ಚರ್ಮ ಈಗ ಎಲ್ಲರ ಚರ್ಮದಂತೆಯೇ ಕಾಣುತ್ತಿರಬಹುದು; ನೋಡಿದವರಿಗೆ ಅಪಾಯ ತಿಳಿಯದಿರುವುದೂ ಅದರಿಂದಲೇ.

ಆದುದರಿಂದ ವ್ಯಾಕ್ಸಿಂಗ್ ಮಟ್ಟಿಗೆ ನಿಮ್ಮ ಪ್ರಶ್ನೆ ಹಕ್ಕಿನ ಪ್ರಶ್ನೆಯೇ ಅಲ್ಲ. ನೀವಾಗಿ ನೀವೇ "ಆಗಲಿ, ಮಾಡಿ" ಎಂದು ಕೈ ಚಾಚಿದರೂ ತರಬೇತುದಾರರು "ಒಲ್ಲೆ" ಎನ್ನಬೇಕಾದ ಸಂದರ್ಭ ಇದು. ಕೆಲಸ ಬಲ್ಲ ಯಾವ ಬ್ಯೂಟಿಷಿಯನ್ ಆದರೂ ಗಿರಾಕಿಯನ್ನು ಕೂರಿಸಿದ ಕೂಡಲೇ ಯಾವ ಮಾತ್ರೆ, ಯಾವ ಕ್ರೀಮು, ಯಾವ ಅಲರ್ಜಿ, ಗರ್ಭಿಣಿಯೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮೊಡವೆಗೆ ರಾತ್ರಿ ಹಚ್ಚುವ ಟ್ರೆಟಿನಾಯಿನ್, ಅಡಾಪಲೀನ್ ಕ್ರೀಮು ಬಳಸುವವರಿಗೂ ಆ ಜಾಗದಲ್ಲಿ ವ್ಯಾಕ್ಸ್ ಹಾಕುವುದಿಲ್ಲ. ನಿಮ್ಮ ತರಗತಿಯಲ್ಲಿ ಈ ಪ್ರಶ್ನೆಗಳನ್ನು ಕೇಳದೆಯೇ ಹುಡುಗಿಯರನ್ನು ಮಂಚದ ಮೇಲೆ ಮಲಗಿಸುತ್ತಿದ್ದರೆ, ನೀವೊಬ್ಬರೇ ಅಲ್ಲ, ಇಡೀ ಬ್ಯಾಚು ಮೊದಲ ಪಾಠವನ್ನೇ ಕಲಿಯುತ್ತಿಲ್ಲವೆಂದು ಅರ್ಥ. ಮಾತ್ರೆ ಬರೆದುಕೊಟ್ಟ ವೈದ್ಯರಿಂದ ಎರಡು ಸಾಲಿನ ಚೀಟಿ ಪಡೆಯಿರಿ. ಅವರು ದೂರವಾದರೆ ದಾವಣಗೆರೆಯ ಜಿಲ್ಲಾ ಆಸ್ಪತ್ರೆಯಲ್ಲಿ ಚರ್ಮದ ವೈದ್ಯರಿಗೆ ಹಳೆಯ ಚೀಟಿ ತೋರಿಸಿದರೂ ಆಗುತ್ತದೆ.

ಹೇರ್ ಕಲರ್ ವಿಷಯದಲ್ಲಿಯೂ ಒಂದು ಮಾತು. ಕಾಯಂ ಬಣ್ಣಗಳಲ್ಲಿ ಹೆಚ್ಚಿನವುಗಳಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುತ್ತದೆ. ಅದು ಒಬ್ಬರಿಗೆ ಒಗ್ಗದೆ ಒಮ್ಮೆ ಅಲರ್ಜಿ ಆಯಿತೆಂದರೆ ಅದು ಸಾಮಾನ್ಯವಾಗಿ ಜೀವನವಿಡೀ ಹೋಗುವುದಿಲ್ಲ. ಮುಂದೆ ಗಿರಾಕಿಗಳ ತಲೆಗೆ ಬಣ್ಣ ಹಚ್ಚುವಾಗ ನಿಮ್ಮ ಬೆರಳುಗಳೇ ಒಡೆಯತೊಡಗಿದರೆ ಈ ಉದ್ಯೋಗವನ್ನೇ ಬಿಡಬೇಕಾದೀತು. ಆದ್ದರಿಂದಲೇ ಬಣ್ಣ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈಯ ಒಳಮಡಿಕೆಯಲ್ಲೋ ಚೂರು ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಇರುವುದು. ಇಲ್ಲಿ ವಿದ್ಯಾರ್ಥಿನಿಯ ಸ್ಥಿತಿ ಗಿರಾಕಿಯದಕ್ಕಿಂತ ಕಷ್ಟ. ಗಿರಾಕಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುತ್ತಾಳೆ, ತನಗೆ ಬೇಕಾದದ್ದನ್ನು ಮಾತ್ರ ಕೇಳುತ್ತಾಳೆ, ಬೇಡವಾದರೆ ಎದ್ದು ಹೋಗುತ್ತಾಳೆ. ವಿದ್ಯಾರ್ಥಿನಿಯ ಅದೇ ಮುಖ, ಅದೇ ತಲೆ ವಾರದಲ್ಲಿ ಹಲವು ಬಾರಿ ಹಲವರ ಅಭ್ಯಾಸಕ್ಕೆ ಸಿಗುತ್ತದೆ, ಅದೂ ಕೈ ಇನ್ನೂ ಪಳಗದವರ ಅಭ್ಯಾಸಕ್ಕೆ. ಕೈಗವಸು ಹಾಕಿಕೊಂಡು ಬಣ್ಣ ಹಚ್ಚುವುದನ್ನು ನೀವು ಕಲಿಯಿರಿ. ನಿಮ್ಮ ತಲೆಗೆ ಹಚ್ಚಿಸಿಕೊಳ್ಳುವುದು ನಿಮ್ಮ ಇಷ್ಟ.

ಈಗ ಬಟ್ಟೆ ಸರಿಸುವ ಮಾತಿಗೆ ಬರುತ್ತೇನೆ. ಪತ್ರದಲ್ಲಿ ನೀವು "ಮನಸ್ಸಿಲ್ಲ" ಎಂದು ಬರೆದು, ಅಷ್ಟು ಸಾಲದೇನೋ ಎಂಬ ಅನುಮಾನದಿಂದ ಕೂಡಲೇ ಚರ್ಮದ ಕಾರಣವನ್ನು ಸೇರಿಸಿದ್ದೀರಿ ಎಂದು ನನಗೆ ತೋರಿತು. ಮಾತ್ರೆಯ ಕಾರಣ ಇಲ್ಲದಿದ್ದರೂ, ಚರ್ಮ ಕಲ್ಲಿನಷ್ಟು ಗಟ್ಟಿಯಿದ್ದರೂ ಆ "ಮನಸ್ಸಿಲ್ಲ" ಎಂಬುದೊಂದೇ ಸಾಕಾಗಿತ್ತು. ಧರ್ಮದ ಕಾರಣಕ್ಕೆ ಕೂದಲನ್ನು ಬೇರೆಯವರಿಗೆ ತೋರದ ಹುಡುಗಿ, ಹಳೆಯ ಸುಟ್ಟ ಗಾಯದ ಕಲೆಯನ್ನು ಬಚ್ಚಿಟ್ಟುಕೊಂಡವಳು, ಸುಮ್ಮನೆ ನಾಚಿಕೆಯವಳು, ಇವರಲ್ಲಿ ಯಾರೂ ಕಾರಣ ಒಪ್ಪಿಸಬೇಕಿಲ್ಲ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಪ್ಪಿಕೊಂಡಿತು. ತನ್ನ ದೇಹದ ಬಗೆಗಿನ ತೀರ್ಮಾನ ತನ್ನದೇ ಎಂಬುದೂ ಆ ಹಕ್ಕಿನೊಳಗೆ ಬರುತ್ತದೆ. ಆ ತೀರ್ಪು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವಂಥದ್ದು, ಖಾಸಗಿ ತರಬೇತಿ ಕೇಂದ್ರದ ಬಾಗಿಲಿಗೆ ಅದನ್ನು ನೇರವಾಗಿ ಹಿಡಿದುಕೊಂಡು ಹೋಗಲಾಗದು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಮೈಯ ವಿಷಯದಲ್ಲಿ ಈ ದೇಶದ ಕಾನೂನು ಯಾವ ಕಡೆಗೆ ಮುಖ ಮಾಡಿದೆ ಎಂಬುದು ಅದರಿಂದ ತಿಳಿಯುತ್ತದೆ. ಪರದೆಯಿಲ್ಲದ ಕೋಣೆಯಲ್ಲಿ ಮೊಬೈಲು ಹಿಡಿದು ಓಡಾಡುವ ಅಭ್ಯಾಸ ನಿಮ್ಮಲ್ಲಿದ್ದರೆ ಅದನ್ನು ಈಗಲೇ ನಿಲ್ಲಿಸಲು ಹೇಳಿ. ಖಾಸಗಿ ಕ್ಷಣದಲ್ಲಿರುವ ಹೆಣ್ಣನ್ನು ಯಾರೇ ಆಗಲಿ ಕದ್ದು ನೋಡುವುದು, ಚಿತ್ರ ತೆಗೆಯುವುದು, ಅದನ್ನು ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ, ಮತ್ತು ಹುಡುಗಿಯರೇ ತೆಗೆದ ಚಿತ್ರ ಯಾರ ಮೊಬೈಲಿಗೆ ಹೋಗಿ ಸೇರುತ್ತದೆಂದು ಯಾರೂ ಹೇಳಲಾರರು.

ನಿಮ್ಮ ತರಬೇತುದಾರರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ದಾರ ಹುಬ್ಬಿನ ಮೇಲೆ ಓಡುವಾಗ ಆಗುವ ಉರಿ, ಪಟ್ಟಿಯನ್ನು ಅನುಮಾನಿಸುತ್ತ ಎಳೆದಾಗ ಆಗುವ ನೋವು ಸ್ವಂತ ಮೈಗೆ ತಿಳಿದಿದ್ದರೆ ಕೈ ಹದವಾಗುತ್ತದೆ ಎಂಬುದು ನಿಜ. ಆದರೆ ಅದನ್ನು ತಿಳಿಯಲು ಮುಂಗೈಯ ಅಂಗೈಯಗಲ ಜಾಗ ಸಾಕು, ಅದೂ ನಿಮ್ಮ ಆರು ತಿಂಗಳು ಕಳೆದು ವೈದ್ಯರು ಸರಿ ಎಂದ ಮೇಲೆ, ನಿಮಗೆ ಇಷ್ಟವಿದ್ದರೆ. ಬೆನ್ನು, ಕಂಕುಳು ಬೇಕಿಲ್ಲ. ದಾವಣಗೆರೆ ದಂತ ವೈದ್ಯಕೀಯ ಕಾಲೇಜುಗಳಿರುವ ಊರು. ಅಲ್ಲಿನ ಹುಡುಗರು ಹಲ್ಲು ಕೀಳುವುದನ್ನು ಕಲಿಯಲು ಒಬ್ಬರ ಹಲ್ಲನ್ನೊಬ್ಬರು ಕೀಳುವುದಿಲ್ಲ. ಅವರಿಗೂ ಮೊದಲು ಡಮ್ಮಿ ತಲೆಯೇ ಗುರು. ನಿಮ್ಮಲ್ಲಿಯೂ ಬಣ್ಣಕ್ಕೆ, ಹೇರ್ ಕಟ್‌ಗೆ, ಜಡೆಗೆ ಡಮ್ಮಿ ಇರಲೇಬೇಕು. ದಾರ ಹಿಡಿಯುವ ಕೈಚಳಕವನ್ನು ಎಷ್ಟೋ ಹುಡುಗಿಯರು ತಮ್ಮದೇ ಕಾಲಿನ ಕೂದಲ ಮೇಲೆ ಕಲಿಯುತ್ತಾರೆ.

ನಿಮ್ಮ ಜೋಡಿ ಹುಡುಗಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಅವಳ ಪರ. ಅವಳೂ ಶುಲ್ಕ ಕಟ್ಟಿದ್ದಾಳೆ, ನೀವು ಅವಳ ಕಾಲ ಮೇಲೆ ಅಭ್ಯಾಸ ಮಾಡಿರಬಹುದು, ಈಗ ಅವಳ ಸರದಿ ಬಂದಾಗ ನೀವು ಹಿಂದೆ ಸರಿದಂತೆ ಅವಳಿಗೆ ಕಂಡಿದೆ. ಮಾತ್ರೆಯ ವಿಷಯ ಅವಳಿಗೆ ಹೇಳಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ, ಹೇಳಿರದಿದ್ದರೆ ಹೇಳಿ. ನಿಮ್ಮ ಬದಲು ಒಬ್ಬರನ್ನು ಒದಗಿಸಿಕೊಡುವುದು ನ್ಯಾಯವಾಗಿ ಸಂಸ್ಥೆಯ ಕೆಲಸ, ಆದರೂ ಸ್ನೇಹಕ್ಕಾಗಿ ನೀವೂ ಪ್ರಯತ್ನಿಸಬಹುದು. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲದಿರುವುದರಿಂದ ನಿಮ್ಮ ಅತ್ತಿಗೆಯೋ ಚಿಕ್ಕಮ್ಮನೋ ಖರ್ಚಿಲ್ಲದೆ ಜಗಳೂರಿನಿಂದ ಬಂದು ಹೋಗಬಹುದು. ವರ್ಕಿಂಗ್ ವಿಮೆನ್ಸ್ ಹಾಸ್ಟೆಲಿನವರಿಗೆ ಅಭ್ಯಾಸದ ಕೆಲಸವೆಂದು ಮೊದಲೇ ತಿಳಿಸಿ ಸಾಮಗ್ರಿಯ ಖರ್ಚಿಗೆ ಮಾತ್ರ ಕರೆದರೆ ಬರುವವರಿದ್ದಾರೆ. ಬಂದವರನ್ನೂ ಅದೇ ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಿ, ಪ್ಯಾಚ್ ಟೆಸ್ಟ್ ಮಾಡಿ, ಅವರು ನಡುವೆ ಸಾಕು ಎಂದರೆ ಅಲ್ಲಿಗೇ ನಿಲ್ಲಿಸಿ. ಅತ್ತಿಗೆಯನ್ನು ಕೇಳಿ ಕರೆತನ್ನಿ, ಎಳೆದು ತರಬೇಡಿ.

ಸರ್ಟಿಫಿಕೇಟಿನ ಬೆದರಿಕೆಗೆ ಹೆದರುವ ಮೊದಲು ಸೇರುವಾಗ ಸಹಿ ಹಾಕಿದ ಅರ್ಜಿಯನ್ನೂ ರಸೀದಿಯನ್ನೂ ಹುಡುಕಿ ಓದಿ. ಪರಸ್ಪರ ಮಾಡೆಲ್ ಆಗಬೇಕೆಂಬ ಷರತ್ತನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ತಿಳಿಸಿದ್ದರೆ ಅವರ ವಾದಕ್ಕೆ ಸ್ವಲ್ಪ ಬಲವಿರುತ್ತದೆ. ಹಾಗಿದ್ದರೂ ಜನವರಿಯಲ್ಲಿ ಹಾಕಿದ ಒಂದು ಸಹಿ ಮಾರ್ಚಿನಲ್ಲಿ ನಿಮ್ಮ ಬೆನ್ನಿಗೆ ವ್ಯಾಕ್ಸ್ ಹಚ್ಚಲು ಕೊಟ್ಟ ಒಪ್ಪಿಗೆಯಾಗುವುದಿಲ್ಲ. ಷರತ್ತು ಎಲ್ಲಿಯೂ ಇಲ್ಲದೆ, ಹಣ ಕಟ್ಟಿಸಿಕೊಂಡ ಮೇಲೆ ಬಾಯಿಮಾತಿನಲ್ಲಿ ಹೇರಿದ್ದರೆ ಆ ವಾದ ನಿಲ್ಲುವುದೇ ಇಲ್ಲ. 1872ರ ಒಪ್ಪಂದ ಕಾಯಿದೆ ಬಲವಂತದಿಂದಲೋ ಅನುಚಿತ ಪ್ರಭಾವದಿಂದಲೋ ಪಡೆದ ಒಪ್ಪಿಗೆಯನ್ನು ಮುಕ್ತ ಒಪ್ಪಿಗೆ ಎಂದು ಎಣಿಸುವುದಿಲ್ಲ. ಸರ್ಟಿಫಿಕೇಟ್ ಕೊಡುವವರು ಯಾರು ಎಂಬುದನ್ನೂ ಕೇಳಿ ತಿಳಿಯಿರಿ, ಏಕೆಂದರೆ ಐ.ಟಿ.ಐ.ನ ಕಾಸ್ಮೆಟಾಲಜಿ ಆಗಲಿ, ಸರ್ಕಾರಿ ಕೌಶಲ ಯೋಜನೆಯ ಬ್ಯೂಟಿ ಥೆರಪಿ ಆಗಲಿ, ಪರೀಕ್ಷಕರು ಅಳೆಯುವುದು ನಿಮ್ಮ ಕೈಯ ಕೆಲಸವನ್ನು, ನಿಮ್ಮ ಮೈಮೇಲೆ ಯಾರು ಏನು ಮಾಡಿದರು ಎಂಬುದನ್ನಲ್ಲ.

ಜಗಳ ಬೇಡ, ಒಂದು ಪತ್ರ ಕೊಡಿ. ಅದರಲ್ಲಿ ಇಷ್ಟಿದ್ದರೆ ಸಾಕು: "ಮಾನ್ಯರೇ, ನಾನು ಎಲ್ಲ ಪಾಠಗಳನ್ನೂ ಕಲಿತು ಎಲ್ಲ ಕೆಲಸಗಳನ್ನೂ ಮಾಡಲು ಸಿದ್ಧಳಿದ್ದೇನೆ. ವೈದ್ಯಕೀಯ ಕಾರಣದಿಂದ (ಚೀಟಿ ಲಗತ್ತಿಸಿದೆ) ವ್ಯಾಕ್ಸಿಂಗ್‌ಗೂ, ವೈಯಕ್ತಿಕ ಕಾರಣದಿಂದ ಬಟ್ಟೆ ಸರಿಸಬೇಕಾದ ಹಾಗೂ ತಲೆಗೆ ಬಣ್ಣ ಹಚ್ಚುವ ಅಭ್ಯಾಸಗಳಿಗೂ ನಾನು ಮಾಡೆಲ್ ಆಗುವುದಿಲ್ಲ. ನನ್ನ ಜೋಡಿಯ ಅಭ್ಯಾಸಕ್ಕೆ ಬೇರೆ ಮಾಡೆಲ್ ವ್ಯವಸ್ಥೆ ಮಾಡಬೇಕಾಗಿಯೂ, ಇದರಿಂದ ನನ್ನ ಪ್ರಮಾಣಪತ್ರಕ್ಕೆ ತೊಂದರೆ ಇಲ್ಲವೆಂದು ಲಿಖಿತವಾಗಿ ತಿಳಿಸಬೇಕಾಗಿಯೂ ಕೋರುತ್ತೇನೆ." ನಕಲಿನ ಮೇಲೆ ದಿನಾಂಕ ಸಮೇತ ಸಹಿ ಹಾಕಿಸಿಕೊಳ್ಳಿ. ಬಾಯಲ್ಲಿ ಸುಲಭವಾಗಿ ಬೆದರಿಸುವವರು ಕಾಗದದ ಮೇಲೆ ಅದನ್ನೇ ಬರೆದುಕೊಡಲು ಹಿಂಜರಿಯುವುದನ್ನು ನಾನು ಬಹಳ ನೋಡಿದ್ದೇನೆ. ಆಗಲೂ ಬಗ್ಗದಿದ್ದರೆ ದಾವಣಗೆರೆಯ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. 1987ರ ಕಾಯಿದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ. ಫೋನ್ ಸಂಖ್ಯೆ 15100. ಶುಲ್ಕ ವಾಪಸ್ ಕೇಳಬಹುದೇ, ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂಬುದನ್ನು ಅಲ್ಲಿನ ವಕೀಲರು ನಿಮ್ಮ ರಸೀದಿ ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಹೋಗಬೇಕಾಗಿ ಬರಲಾರದು ಎಂದು ನನ್ನ ಎಣಿಕೆ.

ಅಮ್ಮನ ಮಾತಿನಲ್ಲಿರುವುದು ನಿಮ್ಮ ಮೇಲಿನ ಅಸಡ್ಡೆಯಲ್ಲ, ಮೆಕ್ಕೆಜೋಳದ ದುಡ್ಡು ನೀರಿಗೆ ಹೋದೀತೆಂಬ ಭಯ. ಕೋರ್ಸು ಬಿಡುವುದಿಲ್ಲ ಎಂದು ಅವರಿಗೆ ಮೊದಲು ಹೇಳಿ, ಆಮೇಲೆ ಮಾತ್ರೆಯ ಸಂಗತಿಯನ್ನು ವಿವರಿಸಿ. ಮಗಳ ಕಾಲಿನ ಚರ್ಮ ಸುಲಿದು ಬರಬಹುದೆಂದು ತಿಳಿದ ಮೇಲೂ ಹೊಂದಿಕೊಂಡು ಹೋಗು ಎನ್ನುವ ತಾಯಿಯನ್ನು ನಾನಂತೂ ಕಂಡಿಲ್ಲ. ಪತ್ರ ಕೊಡುವ ದಿನ ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ತರಗತಿ ತಪ್ಪಿಸಬೇಡಿ, ವೈದ್ಯರ ಹಳೆಯ ಚೀಟಿ ಬ್ಯಾಗಿನಲ್ಲಿರಲಿ, ಮತ್ತು ನಾಳೆ ಯಾರಾದರೂ ಮಂಚ ತೋರಿಸಿದರೆ ವ್ಯಾಕ್ಸಿನ ಚಾಕು ನೀವೇ ಕೈಗೆತ್ತಿಕೊಂಡು ಇನ್ನೊಂದು ಬದಿಗೆ ಹೋಗಿ ನಿಲ್ಲಿ.