ಯಾವ ತರಗತಿಗೆ ಪಾಠ ಮಾಡುತ್ತೀರಿ? ಮೊದಲು ಅದು ತೀರ್ಮಾನವಾಗಲಿ

ಪ್ರಶ್ನೆ: ಪಿಯುಸಿಯಲ್ಲಿ ಶೇ 62 ಅಂಕ ಬಂದಿದೆ. ಸಣ್ಣ ಮಕ್ಕಳಿಗೆ, ಅಂದರೆ ಐದನೇ ತರಗತಿಯೊಳಗೆ ಕಲಿಸುವ ಆಸೆ. ಡಿಗ್ರಿ ಮಾಡಿ ಬಿ.ಇಡಿ. ಮುಗಿಸಿದರೆ ಎಲ್ಲ ತರಗತಿಗೂ ನಡೆಯುತ್ತದೆ ಅನ್ನುತ್ತಾರೆ. ಹೌದೇ?
— ಓದುಗರು, ಸೇಡಂ

ಉತ್ತರ: ಇಲ್ಲ, ಆ ಮಾತು ಹಳತಾಯಿತು. 2018ರಲ್ಲಿ ಬಿ.ಇಡಿ. ಆದವರಿಗೂ ಒಂದರಿಂದ ಐದನೇ ತರಗತಿಗೆ ಅವಕಾಶ ಕೊಟ್ಟಿದ್ದರು. ಅದು ನಿಲ್ಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. ನಿಮಗೆ ಬೇಕಾದದ್ದು ಎರಡು ವರ್ಷದ ಡಿ.ಎಲ್.ಇಡಿ., ನಮ್ಮಲ್ಲಿ ಈಗಲೂ ಡಿ.ಇಡಿ. ಅಂತಲೇ ಕರೆಯುವ ಕೋರ್ಸು. ಪಿಯುಸಿಯಲ್ಲಿ ಶೇ 50 ಇರಬೇಕು, ನಿಮಗಿದೆ. ಅದಾದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಪತ್ರಿಕೆ-1, ಅಂದರೆ ಒಂದರಿಂದ ಐದನೇ ತರಗತಿಗೆ ಕಲಿಸುವವರದು, ಪಾಸಾಗಬೇಕು. ಫೀಸು ಕಟ್ಟುವ ಮುಂಚೆ ಕಾಲೇಜಿಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) ಮಾನ್ಯತೆ ಇದೆಯೇ ನೋಡಿ. ತರಗತಿಗೆ ಬರದಿದ್ದರೂ ಸರ್ಟಿಫಿಕೇಟ್ ಕೊಡಿಸುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ.

ಪ್ರಶ್ನೆ: ಬಿ.ಎಸ್ಸಿ. (ಭೌತ, ರಸಾಯನ, ಗಣಿತ), ಬಿ.ಇಡಿ. ಆಗಿದೆ. ಪ್ರವರ್ಗ 2ಎ. ಟಿಇಟಿ ಪತ್ರಿಕೆ-2ರಲ್ಲಿ 85 ಬಂತು. ಪಾಸೇ? ಮುಂದೆ ಕೆಲಸ ಸಿಗುತ್ತದೆಯೇ?
— ಓದುಗರು, ಭಾಲ್ಕಿ

ಉತ್ತರ: ಪಾಸಲ್ಲ. ಆರರಿಂದ ಎಂಟನೇ ತರಗತಿಯ ಆ ಪತ್ರಿಕೆಯಲ್ಲಿ 150ಕ್ಕೆ ಶೇ 60, ಅಂದರೆ 90 ಬೇಕು. ಶೇ 55ರ ರಿಯಾಯಿತಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1 ಮತ್ತು ಅಂಗವಿಕಲರಿಗೆ ಮಾತ್ರ. 2ಎ ಅದರಲ್ಲಿ ಸೇರಿಲ್ಲ. ಐದು ಅಂಕಕ್ಕೆ ತಪ್ಪಿದೆ, ಎದೆಗುಂದಬೇಡಿ. ವಿಜ್ಞಾನದವರು ಗಣಿತ-ವಿಜ್ಞಾನದ 60 ಅಂಕಕ್ಕೇ ಓದಿ ಓದಿ, ಉಳಿದ 90ನ್ನು ಕೈಬಿಡುತ್ತಾರೆ. ಆ 90ರಲ್ಲಿ ಶಿಶು ವಿಕಾಸ ಮತ್ತು ಬೋಧನಾ ವಿಧಾನಕ್ಕೆ 30, ಎರಡು ಭಾಷೆಗಳಿಗೆ ತಲಾ 30. ಶಿಶು ವಿಕಾಸದಲ್ಲಿ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಸಾಲದು. ‘ಮಗು ಹೀಗೆ ತಪ್ಪು ಮಾಡಿದೆ, ಶಿಕ್ಷಕರು ಏನು ಮಾಡಬೇಕು’ ಎಂಬ ಬಗೆಯ ಪ್ರಶ್ನೆಗಳು ಬರುತ್ತವೆ. ಮಕ್ಕಳ ಕಲಿಕೆಯ ಬಗ್ಗೆ ಸಿದ್ಧಾಂತ ಕೊಟ್ಟ ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್‌ಸ್ಕಿಯನ್ನು ತರಗತಿಯ ಉದಾಹರಣೆ ಇಟ್ಟುಕೊಂಡು ಓದಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಎರಡೂವರೆ ತಾಸಿನಲ್ಲಿ ಕೊನೆಯ ಹತ್ತು ನಿಮಿಷ ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಗೇ ಇರಲಿ.

ಟಿಇಟಿ ಅರ್ಹತೆಯಷ್ಟೇ, ನೌಕರಿಯಲ್ಲ. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಆರರಿಂದ ಎಂಟನೇ ತರಗತಿಯ ಪದವೀಧರ ಶಿಕ್ಷಕರ ನೇಮಕಾತಿಗೆ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. 2022ರಲ್ಲಿ ಕರೆದ 15,000 ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕದವು. ಆ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಭಾಷಾ ಸಾಮರ್ಥ್ಯದ ಪತ್ರಿಕೆಗೆ ಕೈಯಿಂದ ವಾಕ್ಯ ಬರೆದೇ ಉತ್ತರಿಸಬೇಕು. ಟಿಕ್ ಹಾಕುವುದನ್ನಷ್ಟೇ ರೂಢಿ ಮಾಡಿಕೊಂಡವರು ಅಲ್ಲಿಯೇ ಎಡವುತ್ತಾರೆ. ಇಂದಿನಿಂದಲೇ ದಿನಕ್ಕೊಂದು ಪುಟ ಬರೆಯಿರಿ.

ಪ್ರಶ್ನೆ: ಹುಟ್ಟಿದ್ದು ಶಹಾಪುರ, ಓದಿದ್ದೆಲ್ಲ ಬೆಂಗಳೂರು. 371 ಜೆ ಮೀಸಲಾತಿ ಸಿಗುತ್ತದೆಯೇ? ಮದುವೆಯಾಗಿದೆ.
— ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಸಿಗುತ್ತದೆ. 371 ಜೆ ಎಂದರೆ ಕಲ್ಯಾಣ ಕರ್ನಾಟಕದವರಿಗೆ ವಿಶೇಷ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ ವಿಧಿ. ಈ ಭಾಗದಲ್ಲಿ ಹುಟ್ಟಿದ್ದೇ ಸಾಕು, ಓದಿದ ಊರು ಅಡ್ಡಿಯಲ್ಲ. ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಸ್ಥಳೀಯರಿಗೆ ಶೇ 80 ಮೀಸಲು. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇವೆಯೇ ನೋಡಿ. ಒಂದಕ್ಷರ ವ್ಯತ್ಯಾಸವಾದರೂ ಫೈಲು ವಾಪಸ್ ಬರಬಹುದು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕಡೆಯ ದಿನಾಂಕ ದಾಟಿಬಿಡುತ್ತದೆ, ಈಗಲೇ ಅರ್ಜಿ ಹಾಕಿ.

ಮದುವೆಯಾದವರು ಇನ್ನೊಂದನ್ನು ಗಮನಿಸಬೇಕು. ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದೋ ಗಂಡನ ಹೆಸರಿನದೋ ಎಂಬ ಪ್ರಶ್ನೆಗೆ 2022ರ ನೇಮಕಾತಿ ಹೈಕೋರ್ಟ್ ಮೆಟ್ಟಿಲೇರಿತ್ತು. ಅಧಿಸೂಚನೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ಎರಡು ಸಲ ಓದಿ, ಅದನ್ನೇ ಮಾಡಿಸಿ.