ತೊಳೆದು ಮತ್ತೆ ಬಳಸುವ ಏರ್ ಫಿಲ್ಟರ್ ಕಾರಿಗೆ ಹಾಕಿಸಬಹುದಾ?

ದಿನಾ ಆಫೀಸಿಗೆ ಓಡುವ ಮಾಮೂಲಿ ಕಾರಾದರೆ ಬೇಡ ಅಂತಲೇ ಹೇಳುತ್ತೇನೆ. ಕೆ ಅಂಡ್ ಎನ್ ಕಂಪನಿಯದರ ಥರದ ತೊಳೆಯುವ ಫಿಲ್ಟರ್‌ಗಳಲ್ಲಿ ಎಣ್ಣೆ ಸವರಿದ ಹತ್ತಿಬಟ್ಟೆಯ ಪದರಗಳು ಇರುತ್ತವೆ. ಗಾಳಿ ಸಲೀಸಾಗಿ ಹೋಗುತ್ತದೆ, ಅದು ನಿಜ. ಆದರೆ ಪೆಟ್ರೋಲ್ ಕಾರಲ್ಲಿ ಆಕ್ಸಿಲರೇಟರ್ ಅರ್ಧ ಒತ್ತಿದಾಗ ಗಾಳಿಯನ್ನು ಮುಖ್ಯವಾಗಿ ತಡೆಯುವುದು ಫಿಲ್ಟರ್ ಅಲ್ಲ, ಥ್ರಾಟಲ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಕವಾಟ. ಹಾಗಾಗಿ ಮೈಲೇಜ್ ಏರುತ್ತದೆ ಅನ್ನೋ ಮಾತು ನಂಬಬೇಡಿ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಫಿಲ್ಟರ್ ಕಟ್ಟಿಕೊಂಡಿದ್ದರೂ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳ ಮೈಲೇಜ್ ಹೆಚ್ಚೇನೂ ಬದಲಾಗಲಿಲ್ಲ.

ನನ್ನ ಚಿಂತೆ ತೊಳೆಯುವ ಕೆಲಸದ್ದು. ತೊಳೆದು, ಬಿಸಿಗಾಳಿ ಹಾಯಿಸದೆ ಪೂರ್ತಿ ಒಣಗಿಸಿ, ಒಂದೊಂದು ಮಡಿಕೆಗೂ ತೆಳುವಾಗಿ ಎಣ್ಣೆ ಹಾಕಬೇಕು. ಜಾಸ್ತಿಯಾದರೆ ಎಣ್ಣೆ ಹಾರಿ ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಮ್ಯಾಫ್ ಸೆನ್ಸರ್‌ನ ಸಣ್ಣ ತಂತಿಗೆ ಅಂಟಬಹುದು. ಆಗ ಗಾಳಿಯ ಲೆಕ್ಕ ತಪ್ಪಿ ಐಡ್ಲಿಂಗ್ (ಕಾರು ನಿಂತಿರುವಾಗ ಎಂಜಿನ್ ಓಡುವುದು) ಏರುಪೇರಾಗುತ್ತದೆ. ಎಣ್ಣೆ ಕಡಿಮೆಯಾದರೆ ನುಣ್ಣನೆ ಧೂಳು ಎಂಜಿನ್ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಳ್ಳಾರಿ ಕಡೆ ಓಡಾಡೋರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಕೊಳೆಯಾದರೆ ಬದಲಾಯಿಸುವ ಮಾಮೂಲಿ ಕಾಗದದ ಫಿಲ್ಟರ್‌ಗೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಹೊಸದು ಹಾಕಿದರೆ ಮುಗಿಯಿತು. ತುಂಬಾ ಓಡಿಸಿ, ಕಾರನ್ನು ವರ್ಷಗಟ್ಟಲೆ ಇಟ್ಟುಕೊಂಡು, ನೀವೇ ಕೂತು ತೊಳೆಯೋರಾದರೆ ಮಾತ್ರ ಹಾಕಿದ ದುಡ್ಡು ಹುಟ್ಟೀತು. ತಗೊಂಡರೆ ಅದೇ ಕಂಪನಿಯ ಕ್ಲೀನಿಂಗ್ ಕಿಟ್ ಬಳಸಿ, ಪೆಟ್ರೋಲಲ್ಲಿ ಮಾತ್ರ ತೊಳೆಯಬೇಡಿ.