ಬೆರಳು ಜುಮ್ಮೆಂದರೆ ಕುಂಡಲಿನಿಯೇ?

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಗದಗ-ಬೆಟಗೇರಿಯ ನೇಕಾರರು, ವಯಸ್ಸು 52. ಯೋಗ ಕಲಿಸುವ ನಮ್ಮಲ್ಲಿಗೆ ಬಂದು ಕೂತವರೇ ಕೇಳಿದರು: “ಧ್ಯಾನಕ್ಕ ಕುಂತ್ರ ಎರಡೂ ಕೈಬೆರಳು, ತುಟಿ ಸುತ್ತ ಜುಮ್ಮ್ ಅಂತೈತ್ರಿ. ತಲಿ ಗಿರ್ರ್ ಅಂತೈತಿ. ಕುಂಡಲಿನಿ ಏಳಾಕತ್ತೈತೇನ್ರಿ ಅಕ್ಕಾರ?”

ಬೆನ್ನೆಲುಬಿನ ಬುಡದಲ್ಲಿ ಮಲಗಿರುತ್ತದೆ ಎಂದು ಯೋಗದಲ್ಲಿ ಹೇಳುವ ಶಕ್ತಿ ಕುಂಡಲಿನಿ. ಅವರದು ಮೊಬೈಲ್ ನೋಡಿ ಕಲಿತ ಅಭ್ಯಾಸ. ನಸುಕಿನಲ್ಲಿ ಹತ್ತು ನಿಮಿಷ ಬಿಡುವಿಲ್ಲದ ಕಪಾಲಭಾತಿ (ಹೊಟ್ಟೆ ಒಳಕ್ಕೆಳೆದು ಉಸಿರನ್ನು ರಭಸದಿಂದ ಹೊರಹಾಕುವುದು), ಅದರ ನಡುವೆಯೇ ಕುತ್ತಿಗೆಯನ್ನು ಗರಗರ ಸುತ್ತಿಸುವುದು, ಆಮೇಲೆ ಗದ್ದವನ್ನು ಎದೆಗೆ ಒತ್ತಿ ಜಾಲಂಧರ ಬಂಧದಲ್ಲಿ ತಡೆದಷ್ಟು ಹೊತ್ತು ಕುಂಭಕ, ಅಂದರೆ ಉಸಿರು ಹಿಡಿಯುವುದು. ಮಗ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಮಗ್ಗ ಮಾರುವ ಮಾತು ಎದ್ದಿದೆ. ಆ ಚಿಂತೆಯನ್ನು ಉಸಿರಿನ ಜೋರಿನಿಂದ ಹೊರದಬ್ಬುವ ಹಟ ಅವರದು.

ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ. ಅದೇ ಇಳಿತದಿಂದ ನರಗಳು ಕೆರಳಿ ಬೆರಳು ಜುಮ್ಮೆನ್ನುತ್ತದೆ. ಎರಡೂ ಕೈಗೆ ಬಂದು ಕೆಲ ನಿಮಿಷಗಳಲ್ಲಿ ಹೋದರೆ ಹೆಚ್ಚಾಗಿ ಇದೇ. ಒಂದೇ ತೋಳಿನಲ್ಲಿ ದಿನವಿಡೀ ಇದ್ದು ಹಿಡಿತ ಸಡಿಲವಾದರೆ ಕುತ್ತಿಗೆಯ ನರದ ಅನುಮಾನ. ಲಾಳಿಯ ಮೇಲೆ ಕಣ್ಣಿಟ್ಟು ತಲೆ ಬಗ್ಗಿಸಿಯೇ ದುಡಿದವರಲ್ಲಿ ಅದನ್ನು ಬದಿಗಿಡಲಾಗದು, ಇವರಿಗೆ ಕುತ್ತಿಗೆ ನೋವೂ ಇತ್ತು, ಹಾಗಾಗಿ ಮೊದಲು ವೈದ್ಯರಲ್ಲಿಗೆ ಕಳಿಸಿದೆವು. ನರಕ್ಕೆ ತೊಂದರೆ ಇರಲಿಲ್ಲ. ರಕ್ತದೊತ್ತಡ 148/94 ಇತ್ತು. ಆ ಒತ್ತಡದಲ್ಲಿ ಕುಂಭಕ ಬೇಡವೇ ಬೇಡ.

ಕಪಾಲಭಾತಿ, ಬಂಧ ಎರಡನ್ನೂ ಬಿಡಿಸಿದೆವು. ಕೂರಲು ಕೌದಿಯನ್ನು ನಾಲ್ಕು ಬೆರಳು ದಪ್ಪ ಮಡಚಿ ಕುಂಡಿಯ ಕೆಳಗೆ ಇಡಬೇಕು. ಮಂಡಿ ಸೊಂಟಕ್ಕಿಂತ ಎತ್ತರ ಉಳಿದರೆ ಬೆನ್ನು ಗೂನಾಗಿ ಗದ್ದ ಮುಂದೆ ಚಾಚುತ್ತದೆ. ನಂತರ ಬ್ರಹ್ಮಮುದ್ರೆ: ಆರು ಎಣಿಸುತ್ತ ಉಸಿರು ಬಿಟ್ಟು ಮುಖ ಬಲಕ್ಕೆ, ನಾಲ್ಕು ಎಣಿಸುತ್ತ ಉಸಿರೆಳೆದು ನಡುವಿಗೆ; ಹಾಗೇ ಎಡಕ್ಕೆ. ಐದೈದು ಸಲ. ಆಮೇಲೆ ಉಸಿರು ಬಿಡುತ್ತ ಗದ್ದ ಎದೆಯತ್ತ, ಎಳೆಯುತ್ತ ಮೇಲಕ್ಕೆ. ಗೋಡೆ-ಮಾಳಿಗೆ ಕೂಡುವ ಗೆರೆ ಕಂಡರೆ ಸಾಕು. ಮೂರು ಸಲ. ಭುಜ ಅಲುಗಬಾರದು. ಪೂರ್ತಿ ಸುತ್ತು ಬೇಡ. ತಲೆ ಹಿಂದೆ ಬಿದ್ದಾಗಲೇ ತಿರುಗಿಸಿದರೆ ಹಿಂಗುತ್ತಿಗೆಯ ಕೀಲುಗಳು ಒತ್ತಿಕೊಳ್ಳುತ್ತವೆ, ಕುತ್ತಿಗೆಯ ಮೂಳೆಗಳ ಮೂಲಕ ಮೆದುಳಿಗೆ ಏರುವ ರಕ್ತನಾಳಕ್ಕೂ ಒಳ್ಳೆಯದಲ್ಲ.

ಕುತ್ತಿಗೆಯ ಚಲನೆ ನಿಂತ ಮೇಲೂ ಅದೇ ನಾಲ್ಕು-ಆರರ ಲೆಕ್ಕ ಐದು ನಿಮಿಷ. ಉಸಿರು ಸಾಲದೆನಿಸಿದರೆ ಮೂರು-ನಾಲ್ಕಕ್ಕೆ ಇಳಿಸಿ. ಭ್ರಾಮರಿ (ದುಂಬಿಯಂತೆ ಝೇಂಕರಿಸುತ್ತ ಉಸಿರು ಬಿಡುವುದು) ಐದು ಸಲ, ಪಕ್ಕದ ಕೋಣೆಗೆ ಕೇಳದಷ್ಟು ಸಣ್ಣದಾಗಿ. ಕೊನೆಯ ಝೇಂಕಾರ ಅಡಗಿದಲ್ಲಿ ಎಣಿಕೆಯನ್ನೂ ಬಿಡಬೇಕು. ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ: ಹಾಯಾಯಿತೆಂದು ಮತ್ತೊಂದು ಪ್ರಾಣಾಯಾಮ ಶುರು ಮಾಡುತ್ತಾರೆ.

ಧ್ಯಾನದಲ್ಲಿ ಗದ್ದವನ್ನು ಗಮನಿಸಲು ಹೇಳಿದೆವು. ತೂಕಡಿಕೆಯಲ್ಲಿ ಅದು ಕೆಳಗೆ ಜಾರುತ್ತದೆ, ಯೋಚನೆಯ ಬೆನ್ನು ಹತ್ತಿದಾಗ ಎಷ್ಟೋ ಸಲ ಮೇಲೇಳುತ್ತದೆ. ಒಂದು ಬೆರಳಿನಷ್ಟು ಒಳಕ್ಕೆಳೆದರೆ ಸಾಕು. ಮಗ್ಗದ ಚಿಂತೆ ಬಂದರೆ ದಬ್ಬದೆ “ಮಗ್ಗ” ಎಂದಷ್ಟೇ ಒಳಗೇ ಅಂದು ಉಸಿರಿಗೆ ಮರಳುವುದು. ಮಾರುವುದೋ ಬಿಡುವುದೋ ಎಂಬ ಮಾತು ಭಾನುವಾರ ಮಗನ ಜೊತೆ, ಫೋನಿನಲ್ಲಿ.

ಮೂರು ವಾರಕ್ಕೆ ಜುಮ್ಮೆನ್ನುವುದು ನಿಂತಿತ್ತು, ಕುತ್ತಿಗೆ ನೋವು ಅರ್ಧ ಇಳಿದಿತ್ತು. ಸ್ವಲ್ಪ ನಿರಾಶೆಯೂ ಇತ್ತು: “ಈಗ ಏನೂ ಆಗಂಗಿಲ್ರಿ, ಸುಮ್ನ ಕುಂತಿರ್ತೇನಿ.” ಎಷ್ಟು ಹೊತ್ತು ಎಂದೆವು. “ಇಪ್ಪತ್ತು ನಿಮಿಷ ಆಗಿರ್ತೈತ್ರಿ, ಗೊತ್ತಾಗಂಗಿಲ್ಲ.”